ಮಕ್ಕಳ ತಲೆಪೆಟ್ಟು: ರಕ್ತಪರೀಕ್ಷೆಯು ಮುಂದಿನದನ್ನು ಹೇಳಬಲ್ಲದೇ?

ತಲೆಗೆ ಪೆಟ್ಟು ಬಿದ್ದ ಮಗುವನ್ನು ತೀವ್ರ ನಿಗಾ ಘಟಕಕ್ಕೆ ಒಪ್ಪಿಸಿ ಬಾಗಿಲ ಹೊರಗೆ ನಿಂತ ತಂದೆತಾಯಿಯರು ವೈದ್ಯರನ್ನು ಕೇಳುವ ಮೊದಲ ಪ್ರಶ್ನೆ "ಜೀವಕ್ಕೆ ಅಪಾಯವಿಲ್ಲವಲ್ಲ?" ಎಂಬುದು. ಜೀವ ಉಳಿಯಿತೆಂದು ತಿಳಿದ ಮರುಗಳಿಗೆಯಲ್ಲಿಯೇ ಎರಡನೆಯ ಪ್ರಶ್ನೆ ಏಳುತ್ತದೆ: "ನಮ್ಮ ಮಗು ಮೊದಲಿನ ಹಾಗೆ ಆಗುತ್ತದೆಯೇ? ಮಾತನಾಡುತ್ತದೆಯೇ? ಶಾಲೆಗೆ ಹೋಗುತ್ತದೆಯೇ?" ಮೊದಲ ಪ್ರಶ್ನೆಗೆ ಕೆಲವು ಗಂಟೆಗಳಲ್ಲಿಯೋ ದಿನಗಳಲ್ಲಿಯೋ ಉತ್ತರ ದೊರೆಯುತ್ತದೆ. ಎರಡನೆಯದರ ಉತ್ತರವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯಿಸುತ್ತದೆ. ಆ ಕಾಯುವಿಕೆಯ ಸಂಕಟವನ್ನು ಅನುಭವಿಸಿದವರೇ ಬಲ್ಲರು.

"ಒಂದು ಹನಿ ರಕ್ತದಿಂದ ಮಿದುಳಿನ ಪೆಟ್ಟನ್ನು ಪತ್ತೆಹಚ್ಚಬಹುದು" ಎಂಬ ಬಗೆಯ ವಾರ್ತೆಗಳು ಈಚೆಗೆ ಮೊಬೈಲುಗಳಲ್ಲಿ ಹರಿದಾಡುತ್ತಿವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಸದ್ಭಕ್ತರಲ್ಲಿ ಕೆಲವರು ಈ ಕುರಿತು ನಮ್ಮನ್ನು ವಿಚಾರಿಸಿದ್ದುಂಟು. ಹೃದಯಾಘಾತದ ಶಂಕೆ ಬಂದಾಗ ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಮಾಡಿ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ಹೇಳುತ್ತಾರಲ್ಲ, ಮಿದುಳಿಗೂ ಅಂತಹುದೇ ಪರೀಕ್ಷೆ ಬಂದಿದ್ದರೆ ನಮ್ಮ ಮಕ್ಕಳಿಗೆ ಅದನ್ನು ಏಕೆ ಮಾಡಿಸಬಾರದು ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆ ಪರೀಕ್ಷೆಗಳು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು, ಅವುಗಳ ಉತ್ತರಕ್ಕಿಂತ ಮುಂಚೆಯೇ ನಾವು ಮಾಡಬೇಕಾದುದೇನು ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸುತ್ತೇವೆ.

ಮಿದುಳಿನ ಸುದ್ದಿ ರಕ್ತಕ್ಕೆ ಬರುವ ಬಗೆ

ಮಳೆಗಾಲದಲ್ಲಿ ಅರ್ಕಾವತಿಯ ನೀರು ಒಮ್ಮೆಲೇ ಕೆಂಪಾಗಿ ಹರಿಯತೊಡಗಿದರೆ, ದಡದಲ್ಲಿ ನಿಂತ ರೈತನಿಗೆ ಮೇಲೆಲ್ಲಿಯೋ ಹೊಲದ ಮಣ್ಣು ಕೊಚ್ಚಿಹೋಗಿದೆಯೆಂದು ಅರ್ಥವಾಗುತ್ತದೆ. ಹೊಲವನ್ನು ಅವನು ಕಂಡಿಲ್ಲ, ನೀರಿನ ಬಣ್ಣವನ್ನು ಕಂಡಿದ್ದಾನೆ ಅಷ್ಟೆ. ವೈದ್ಯರು ಜೈವಿಕ ಸೂಚಕ ಅಥವಾ ಬಯೋಮಾರ್ಕರ್ ಎಂದು ಕರೆಯುವುದೂ ಇಂತಹುದನ್ನೇ. ಮಿದುಳಿನ ಕೋಶಗಳೊಳಗೆ ಮಾತ್ರ ಇರಬೇಕಾದ ಕೆಲವು ಪ್ರೋಟೀನುಗಳಿವೆ. ಮಿದುಳಿಗೂ ರಕ್ತಕ್ಕೂ ನಡುವೆ ಬಿಗಿಯಾದ ತಡೆಯೊಂದು ಇರುವುದರಿಂದ ಆರೋಗ್ಯವಂತರ ರಕ್ತದಲ್ಲಿ ಅವುಗಳ ಪ್ರಮಾಣ ಅತ್ಯಲ್ಪ. ಪೆಟ್ಟು ಬಿದ್ದು ಕೋಶಗಳು ಒಡೆದಾಗ, ಆ ತಡೆಯೂ ಸಡಿಲವಾದಾಗ ಅವು ರಕ್ತಕ್ಕೆ ಸೋರುತ್ತವೆ. ರಕ್ತವನ್ನು ತೆಗೆದು ಅವುಗಳನ್ನು ಅಳೆದರೆ ಒಳಗೆ ಎಷ್ಟು ಕೊಚ್ಚಿದೆ ಎಂಬುದರ ಅಂದಾಜು ಸಿಗಬಹುದೆಂಬುದು ಈ ಸಂಶೋಧನೆಯ ಮೂಲ ವಿಚಾರ.

ಈ ಪ್ರೋಟೀನುಗಳಲ್ಲಿ ಹಳೆಯದು ಎಸ್-100ಬಿ. ಇದು 1965ರಲ್ಲಿ ಮಿದುಳಿನಿಂದ ಬೇರ್ಪಡಿಸಲಾದ ಪ್ರೋಟೀನುಗಳ ಕುಟುಂಬಕ್ಕೆ ಸೇರಿದ್ದು. ಅಮೋನಿಯಂ ಸಲ್ಫೇಟಿನ ನೂರಕ್ಕೆ ನೂರು ಪರ್ಯಾಪ್ತ ದ್ರಾವಣದಲ್ಲಿಯೂ ಕರಗಿಯೇ ಉಳಿಯುತ್ತದೆಂಬ ಕಾರಣಕ್ಕೆ ಆ ವಿಚಿತ್ರ ಹೆಸರು ಬಂದಿತು. ಇದರ ದೋಷವೆಂದರೆ ಇದು ಮಿದುಳಿಗೆ ಮಾತ್ರ ಮೀಸಲಾದುದಲ್ಲ. ಕೊಬ್ಬಿನಲ್ಲಿಯೂ ಮೃದ್ವಸ್ಥಿಯಲ್ಲಿಯೂ ಇದೆ. ಬೈಕಿನಿಂದ ಬಿದ್ದ ಬಾಲಕನ ತೊಡೆಯೆಲುಬು ಮುರಿದಿದ್ದರೆ, ಮಿದುಳು ಸುರಕ್ಷಿತವಾಗಿದ್ದರೂ ಎಸ್-100ಬಿ ಏರಿರಬಹುದು.

ಎನ್.ಎಸ್.ಇ. ಎಂಬ ಇನ್ನೊಂದು ಪ್ರೋಟೀನು ನರಕೋಶಗಳಲ್ಲಿದೆ. ಆದರೆ ಕೆಂಪು ರಕ್ತಕಣಗಳಲ್ಲಿಯೂ ಇದೆ. ಅಳುವ, ಒದ್ದಾಡುವ ಮಗುವಿನ ಸಣ್ಣ ರಕ್ತನಾಳದಿಂದ ಕಷ್ಟಪಟ್ಟು ರಕ್ತ ತೆಗೆಯುವಾಗ ಕಣಗಳು ಒಡೆದರೆ ಸಾಕು, ಫಲಿತಾಂಶ ಸುಳ್ಳಾಗಿ ಏರುತ್ತದೆ. ಮಕ್ಕಳ ರಕ್ತ ತೆಗೆಯುವ ಲ್ಯಾಬ್ ಸಿಬ್ಬಂದಿಗೆ ಈ ತೊಂದರೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಹೆಚ್ಚಿನ ಭರವಸೆ ಮೂಡಿಸಿರುವುದು ಜಿ.ಎಫ್.ಎ.ಪಿ. ಎಂಬ ಪ್ರೋಟೀನು. ನರಕೋಶಗಳಿಗೆ ಆಸರೆಯಾಗಿ ನಿಂತ, ನಕ್ಷತ್ರದಾಕಾರದ ಕೋಶಗಳ ಹಂದರವಿದು. ಮಿದುಳಿನ ಹೊರಗೆ ಇದು ಬಹಳ ಕಡಿಮೆಯಾದುದರಿಂದ ಮೈಯ ಬೇರೆ ಗಾಯಗಳು ಇದನ್ನು ಅಷ್ಟಾಗಿ ಏರಿಸುವುದಿಲ್ಲ. ಇದರ ಜೊತೆಗೆ ಯು.ಸಿ.ಎಚ್.-ಎಲ್1 ಎಂಬ ನರಕೋಶದ ಪ್ರೋಟೀನನ್ನೂ ಅಳೆಯುವುದು ವಾಡಿಕೆ. ಎರಡೂ ಏರುವ ಗತಿ ಬೇರೆ ಬೇರೆ. ವಯಸ್ಕರಲ್ಲಿ ಮಾಡಿದ ಅಧ್ಯಯನದಂತೆ ಯು.ಸಿ.ಎಚ್.-ಎಲ್1 ಪೆಟ್ಟಾದ ಸುಮಾರು 8 ಗಂಟೆಗೆ ತುತ್ತತುದಿ ಮುಟ್ಟಿ ಬೇಗ ಇಳಿಯುತ್ತದೆ, ಜಿ.ಎಫ್.ಎ.ಪಿ. ಸುಮಾರು 20 ಗಂಟೆಗೆ ಶಿಖರಕ್ಕೇರಿ ನಿಧಾನವಾಗಿ ಇಳಿಯುತ್ತದೆ. ನರತಂತುಗಳ ಒಳಗಿರುವ ನ್ಯೂರೋಫಿಲಮೆಂಟ್ ಲೈಟ್ ಎಂಬುದಾದರೋ ದಿನಗಳು, ವಾರಗಳು ಕಳೆದಂತೆ ಏರುವಂಥದು. ಆದ್ದರಿಂದ ಪೆಟ್ಟಾಗಿ ಎಷ್ಟು ಹೊತ್ತಾಯಿತೆಂದು ಗೊತ್ತಿಲ್ಲದೆ ಬರಿಯ ಅಂಕಿಯೊಂದನ್ನು ಕೈಯಲ್ಲಿ ಹಿಡಿದರೆ ಅದರಿಂದ ಪ್ರಯೋಜನ ಕಡಿಮೆ. ಮಗು ಬಿದ್ದುದು ಯಾವಾಗ ಎಂದು ವೈದ್ಯರು ಮತ್ತೆ ಮತ್ತೆ ಕೇಳುವುದಕ್ಕೆ ಇದೂ ಒಂದು ಕಾರಣ. ಬೈಗುಳಕ್ಕೆ ಹೆದರಿ ಮನೆಯವರು ಆ ವೇಳೆಯನ್ನು ಹಿಂದೆಮುಂದೆ ಮಾಡಿ ಹೇಳಬಾರದು.

'ಇಲ್ಲ' ಎಂಬ ಉತ್ತರ, 'ಹೌದು' ಎಂಬ ಉತ್ತರ

2018ರ ಫೆಬ್ರವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ಜಿ.ಎಫ್.ಎ.ಪಿ. ಮತ್ತು ಯು.ಸಿ.ಎಚ್.-ಎಲ್1 ಎರಡನ್ನೂ ಅಳೆಯುವ ಪರೀಕ್ಷೆಗೆ ಮೊದಲ ಬಾರಿ ಅನುಮತಿ ನೀಡಿತು. 2024ರಲ್ಲಿ ರೋಗಿಯ ಹಾಸಿಗೆಯ ಬಳಿಯಲ್ಲಿಯೇ ಸುಮಾರು 15 ನಿಮಿಷಗಳಲ್ಲಿ ಉತ್ತರ ನೀಡುವ ಕೈಯಂತ್ರದ ಪರೀಕ್ಷೆಗೂ ಅಲ್ಲಿ ಅನುಮತಿ ದೊರೆಯಿತು. ಮೊಬೈಲಿನಲ್ಲಿ ಬರುವ ಸುದ್ದಿಯ ಬೇರು ಇಲ್ಲಿದೆ. ಆದರೆ ಸುದ್ದಿಯಲ್ಲಿ ಬಿಟ್ಟುಹೋಗುವ ಎರಡು ಮಾತುಗಳಿವೆ. ಒಂದು, ಈ ಅನುಮತಿಗಳು 18 ವರ್ಷ ತುಂಬಿದವರಿಗೆ ಮಾತ್ರ. ಎರಡು, ಅವು ಅನುಮತಿಸಿದ್ದು ಹಗುರ ತಲೆಪೆಟ್ಟಿನವರಿಗೆ ಸಿ.ಟಿ. ಸ್ಕ್ಯಾನ್ ಬೇಕೇ ಬೇಡವೇ ಎಂದು ತೀರ್ಮಾನಿಸಲು ನೆರವಾಗುವುದಕ್ಕೆ. ರೋಗಿಯ ಮುಂದಿನ ಬದುಕು ಹೇಗಿರುತ್ತದೆ ಎಂದು ಹೇಳುವುದಕ್ಕಲ್ಲ.

2018ರ ಅನುಮತಿಗೆ ಆಧಾರವಾದ ಅಧ್ಯಯನದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ರಕ್ತಪರೀಕ್ಷೆಯ ಬಲವೂ ದೌರ್ಬಲ್ಯವೂ ಅದರಲ್ಲಿಯೇ ಸ್ಪಷ್ಟವಾಗಿದೆ. ಅಮೆರಿಕ ಮತ್ತು ಯುರೋಪಿನ 22 ಕೇಂದ್ರಗಳಲ್ಲಿ ತಲೆಗೆ ಪೆಟ್ಟಾಗಿ ಬಂದ 1,959 ವಯಸ್ಕರಿಗೆ ರಕ್ತಪರೀಕ್ಷೆಯನ್ನೂ ಸಿ.ಟಿ. ಸ್ಕ್ಯಾನನ್ನೂ ಮಾಡಲಾಯಿತು. ರಕ್ತಪರೀಕ್ಷೆಯು 671 ಮಂದಿಗೆ "ಇಲ್ಲ" ಎಂದಿತು. ಆ 671ರಲ್ಲಿ ಸ್ಕ್ಯಾನಿನಲ್ಲಿ ಗಾಯ ಕಂಡುಬಂದುದು ಮೂವರಿಗೆ ಮಾತ್ರ. ಅಂದರೆ ಪರೀಕ್ಷೆಯ "ಇಲ್ಲ" ಎಂಬ ಮಾತು ಬಹುಮಟ್ಟಿಗೆ ನಂಬತಕ್ಕದ್ದು. ಉಳಿದ 1,288 ಮಂದಿಗೆ ಅದು "ಹೌದು" ಎಂದಿತು. ಅವರಲ್ಲಿ ಸ್ಕ್ಯಾನಿನಲ್ಲಿ ಗಾಯ ಕಂಡದ್ದು 122 ಮಂದಿಗೆ, ಹತ್ತಕ್ಕೆ ಒಬ್ಬರಿಗಿಂತಲೂ ಕಡಿಮೆ. ಪರೀಕ್ಷೆಯಲ್ಲಿ ಅಂಕಿ ಏರಿದೆ ಎಂಬ ಒಂದೇ ಮಾತಿಗೆ ಎದೆಯೊಡೆದುಕೊಳ್ಳಬೇಕಾಗಿಲ್ಲವೆಂದು ಈ ಲೆಕ್ಕದಿಂದ ತಿಳಿಯುತ್ತದೆ.

ಮಕ್ಕಳ ವಿಷಯದಲ್ಲಿ ಇಂತಹ ಪರೀಕ್ಷೆಗೆ ಬಹಳ ಬೆಲೆಯಿದೆ. ಏಕೆಂದರೆ ಸಿ.ಟಿ. ಸ್ಕ್ಯಾನ್ ಎಂದರೆ ವಿಕಿರಣ, ಚಿಕ್ಕ ಮಕ್ಕಳಾದರೆ ಕೆಲವೊಮ್ಮೆ ಮಂಪರು ಔಷಧಿಯೂ ಬೇಕು. ಬ್ರಿಟನ್ನಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹತ್ತು ವರ್ಷದೊಳಗಿನ 10,000 ಮಕ್ಕಳಿಗೆ ತಲೆಯ ಸ್ಕ್ಯಾನ್ ಮಾಡಿದರೆ ಮುಂದಿನ ಹತ್ತು ವರ್ಷಗಳಲ್ಲಿ ಒಂದು ಹೆಚ್ಚುವರಿ ರಕ್ತಕ್ಯಾನ್ಸರ್ ಮತ್ತು ಒಂದು ಹೆಚ್ಚುವರಿ ಮಿದುಳು ಗೆಡ್ಡೆ ಉಂಟಾಗಬಹುದೆಂದು ಅಂದಾಜಿಸಿತು. ಇದು ಸಣ್ಣ ಅಪಾಯ. ನಿಜವಾಗಿ ಸ್ಕ್ಯಾನ್ ಬೇಕಾದ ಮಗುವಿಗೆ ಈ ಭಯದಿಂದ ತಪ್ಪಿಸುವುದು ಸಲ್ಲದು. ಬೇಡವಾದ ಮಗುವಿಗೆ, ಮನೆಯವರ ಒತ್ತಾಯಕ್ಕೆ ಮಣಿದು ಮಾಡಿಸುವುದೂ ಸಲ್ಲದು. ಈ ವಿಂಗಡಣೆಗೆ ಇಂದು ವೈದ್ಯರ ಕೈಯಲ್ಲಿರುವುದು ರಕ್ತಪರೀಕ್ಷೆಗಿಂತ ಮಿಗಿಲಾಗಿ ಕಣ್ಣು, ಕಿವಿ, ಕೈ. 2009ರಲ್ಲಿ ಅಮೆರಿಕದಲ್ಲಿ 42,412 ಮಕ್ಕಳನ್ನು ಪರಿಶೀಲಿಸಿ ರೂಪಿಸಿದ ಸೂತ್ರವೊಂದು ಲೋಕದ ಅನೇಕ ಕಡೆ ಬಳಕೆಯಲ್ಲಿದೆ. ಆ ಸೂತ್ರದಲ್ಲಿ ರಕ್ತದ ಒಂದು ಹನಿಯೂ ಇಲ್ಲ. ಮಗುವಿನ ಎಚ್ಚರ, ವಾಂತಿ, ತಲೆನೋವು, ನೆತ್ತಿಯ ಊತ, ಬಿದ್ದ ಎತ್ತರ, ಜೊತೆಗೆ "ಮಗು ಎಂದಿನಂತೆ ಇಲ್ಲ" ಎಂಬ ತಾಯಿಯ ಮಾತು ಇವಿಷ್ಟೇ ಅದರ ಸಾಮಗ್ರಿ. ತಾಯಿಯ ಮಾತು ವೈಜ್ಞಾನಿಕ ಸೂತ್ರವೊಂದರೊಳಗೆ ಸ್ಥಾನ ಪಡೆದಿರುವುದು ನಮಗೆ ಬಹಳ ಮೆಚ್ಚುಗೆಯಾದ ಸಂಗತಿ.

ಮಕ್ಕಳಲ್ಲಿ ಲೆಕ್ಕ ಏಕೆ ತಪ್ಪುತ್ತದೆ?

ಈಗ ಎರಡನೆಯ ಪ್ರಶ್ನೆಗೆ ಬರೋಣ. ತೀವ್ರ ಪೆಟ್ಟಾದ ಮಗು ಮುಂದೆ ಹೇಗಿರುತ್ತದೆ ಎಂದು ರಕ್ತ ಹೇಳಬಲ್ಲದೇ?

ಸ್ವಲ್ಪಮಟ್ಟಿಗೆ ಹೇಳಬಲ್ಲದು. ತೀವ್ರ ತಲೆಪೆಟ್ಟಾದ ಮಕ್ಕಳಲ್ಲಿ ಮೊದಲ ದಿನದ ಜಿ.ಎಫ್.ಎ.ಪಿ. ಹೆಚ್ಚಿದ್ದಷ್ಟೂ ಆರು ತಿಂಗಳ ನಂತರದ ಸ್ಥಿತಿ ಕೆಳಮಟ್ಟದ್ದಾಗಿರುವ ಸಂಭವ ಹೆಚ್ಚೆಂದು ಕೆನಡಾದ ಸಂಶೋಧಕರ ನೇತೃತ್ವದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎಸ್-100ಬಿ, ಎನ್.ಎಸ್.ಇ., ಯು.ಸಿ.ಎಚ್.-ಎಲ್1 ಇವುಗಳ ಕುರಿತೂ ಇದೇ ದಿಕ್ಕಿನ ವರದಿಗಳಿವೆ. ಆದರೆ ಈ ಅಧ್ಯಯನಗಳಲ್ಲಿ ಹೆಚ್ಚಿನವು ಕೆಲವೇ ಹತ್ತು ಮಕ್ಕಳನ್ನು ನೋಡಿದಂಥವು. ಗುಂಪಿನ ಸರಾಸರಿಯ ಬಗ್ಗೆ ಅವು ಸತ್ಯವನ್ನೇ ಹೇಳುತ್ತವೆ. ಆ ಗುಂಪಿನೊಳಗಿನ ಒಂದು ಮಗುವಿನ ಬಗ್ಗೆ ಖಚಿತವಾಗಿ ಹೇಳಲು ಅವುಗಳಿಗೆ ಶಕ್ತಿ ಸಾಲದು. ಕೆಂಪು ನೀರನ್ನು ಕಂಡ ರೈತನಿಗೆ ಮಣ್ಣು ಕೊಚ್ಚಿರುವುದು ಗೊತ್ತಾಗುತ್ತದೆ. ಯಾವ ದಿಣ್ಣೆಯ ಮಣ್ಣು, ಮುಂದಿನ ವರ್ಷ ಅಲ್ಲಿ ರಾಗಿ ಬರುತ್ತದೆಯೇ ಇಲ್ಲವೇ ಎಂಬುದು ಆ ಬಣ್ಣದಿಂದ ಗೊತ್ತಾಗುವುದಿಲ್ಲ. ಮಾತಿನ ಕೇಂದ್ರದ ಪಕ್ಕದಲ್ಲಿ ಆದ ಚಿಕ್ಕ ಗಾಯವು ರಕ್ತಕ್ಕೆ ಸೋರಿಸುವ ಪ್ರೋಟೀನು ಕಡಿಮೆ, ಮಗುವಿಗೆ ಮಾಡುವ ಹಾನಿ ಹೆಚ್ಚು. ಬೇರೊಂದು ಕಡೆ ಆದ ದೊಡ್ಡ ಗಾಯ ಬಹಳ ಪ್ರೋಟೀನು ಸೋರಿಸಿಯೂ ಮಗು ಚೆನ್ನಾಗಿ ಚೇತರಿಸಿಕೊಳ್ಳಬಹುದು.

ವಯಸ್ಸಿನ ತೊಡಕೂ ಇದೆ. ಬೆಳೆಯುತ್ತಿರುವ ಮಿದುಳಿನಲ್ಲಿ ಈ ಪ್ರೋಟೀನುಗಳ ಪ್ರಮಾಣ ಸಹಜವಾಗಿಯೇ ಬೇರೆ. ಪೆಟ್ಟೇ ಆಗದ ಹಸುಗೂಸಿನ ರಕ್ತದಲ್ಲಿ ಎಸ್-100ಬಿ ದೊಡ್ಡ ಮಕ್ಕಳಿಗಿಂತ ಹೆಚ್ಚಾಗಿರುತ್ತದೆ, ವಯಸ್ಸಾದಂತೆ ಇಳಿಯುತ್ತದೆ. ದೊಡ್ಡವರ ಅಳತೆಗೋಲನ್ನು ಎಂಟು ತಿಂಗಳ ಕೂಸಿಗೆ ಹಿಡಿದರೆ ಆರೋಗ್ಯವಂತ ಕೂಸೂ ರೋಗಿಯಾಗಿ ಕಾಣುತ್ತದೆ. ಸ್ಕ್ಯಾಂಡಿನೇವಿಯಾ ದೇಶಗಳಲ್ಲಿ 2013ರಿಂದ ವಯಸ್ಕರ ಹಗುರ ತಲೆಪೆಟ್ಟಿಗೆ, ಮೊದಲ 6 ಗಂಟೆಗಳೊಳಗೆ ಎಸ್-100ಬಿ ಪರೀಕ್ಷೆಯನ್ನು ಮಾರ್ಗಸೂಚಿಯಲ್ಲಿಯೇ ಸೇರಿಸಿದ್ದಾರೆ. ಫ್ರಾನ್ಸಿನ ಸಂಶೋಧಕರು ಅದನ್ನು ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಮಿತಿಗಳೊಂದಿಗೆ ಪರಿಶೀಲಿಸುತ್ತ ಬಂದಿದ್ದಾರೆ. ಇಂತಹ ತಾಳ್ಮೆಯ ಕೆಲಸ ಮುಗಿಯುವವರೆಗೆ ಮಕ್ಕಳ ಅಂಕಿಗಳನ್ನು ಓದುವುದರಲ್ಲಿ ಎಚ್ಚರಿಕೆ ಬೇಕು.

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಮಕ್ಕಳ ವೈದ್ಯೆ ಡಾ. ರೇಚಲ್ ಬರ್ಗರ್ ಅವರು ಈ ಪರೀಕ್ಷೆಗಳ ಇನ್ನೊಂದು ಉಪಯೋಗವನ್ನು ಅಧ್ಯಯನ ಮಾಡಿದ್ದಾರೆ. ಬಿದ್ದ ಸುದ್ದಿಯೇ ಇಲ್ಲ, ಮೈಮೇಲೆ ಗಾಯವೂ ಇಲ್ಲ, ಕೂಸು ಮಾತ್ರ ವಾಂತಿ ಮಾಡುತ್ತ ಮಂಕಾಗಿದೆ. ಅಂತಹ ಕೆಲವು ಕೂಸುಗಳ ಮಿದುಳಿಗೆ ಪೆಟ್ಟಾಗಿರುತ್ತದೆ, ಅದನ್ನು ರಕ್ತದಿಂದ ಪತ್ತೆಹಚ್ಚಲು ಸಾಧ್ಯವೇ ಎಂಬುದು ಅವರ ಅನ್ವೇಷಣೆ. ಹಟ ಹಿಡಿದು ಅಳುವ ಕೂಸನ್ನು ಸಿಟ್ಟಿನಿಂದ ಹಿಡಿದು ಜೋರಾಗಿ ಅಲುಗಾಡಿಸಿದರೂ ಮಿದುಳಿನೊಳಗೆ ರಕ್ತಸ್ರಾವವಾಗುತ್ತದೆ. ಇದನ್ನು ಬರೆಯುವುದು ಕಹಿಯಾದರೂ ಬರೆಯಲೇಬೇಕು. ಅಳು ತಡೆಯಲಾಗದಿದ್ದಾಗ ಕೂಸನ್ನು ಸುರಕ್ಷಿತ ಸ್ಥಳದಲ್ಲಿ ಮಲಗಿಸಿ, ಮನೆಯಲ್ಲಿ ಬೇರೆಯವರನ್ನು ಕರೆದು, ಹತ್ತು ನಿಮಿಷ ಹೊರಗೆ ನಿಲ್ಲುವುದು ಲೇಸು.

ನೀರಿನಲ್ಲಿ ಮುಳುಗಿ ಹೃದಯ ನಿಂತು ಮತ್ತೆ ಜೀವ ಬಂದ ಮಕ್ಕಳ ಪ್ರಶ್ನೆಯೂ ಇದಕ್ಕೆ ಸಮೀಪದ್ದು. ಕಣ್ವ, ಮಂಚನಬೆಲೆಯಂತಹ ಜಲಾಶಯಗಳೂ ನೂರಾರು ಕೆರೆಕಟ್ಟೆಗಳೂ ಇರುವ ಸೀಮೆ ನಮ್ಮದು. ಹೃದಯ ನಿಂತು ಬದುಕಿದ ವಯಸ್ಕರಲ್ಲಿ ಎನ್.ಎಸ್.ಇ. ಪರೀಕ್ಷೆಗೆ ಯುರೋಪಿನ 2021ರ ಮಾರ್ಗಸೂಚಿಯಲ್ಲಿ ಸ್ಥಾನವಿದೆ. ಅಲ್ಲಿಯೂ ಕನಿಷ್ಠ 72 ಗಂಟೆ ಕಾಯಬೇಕು, ಒಂದಕ್ಕಿಂತ ಹೆಚ್ಚು ಬಗೆಯ ಸೂಚನೆಗಳು ಒಂದೇ ಮಾತನ್ನು ಹೇಳಬೇಕು ಎಂಬ ಕಟ್ಟಳೆಯಿದೆ. ಪರೀಕ್ಷೆ ಬಳಕೆಗೆ ಬಂದಿರುವ ಕಡೆಯಲ್ಲಿಯೇ ಒಂದು ಅಂಕಿಯನ್ನು ನೆಚ್ಚಿ ತೀರ್ಪು ಕೊಡುವುದಿಲ್ಲವೆಂದ ಮೇಲೆ, ಇನ್ನೂ ಸಂಶೋಧನೆಯಲ್ಲಿರುವ ಮಕ್ಕಳ ತಲೆಪೆಟ್ಟಿನಲ್ಲಿ ಕೇಳುವುದೇನು?

ಹಾಗಾದರೆ ವೈದ್ಯರು ಇಂದು ಏನನ್ನು ನೋಡಿ ಅಂದಾಜಿಸುತ್ತಾರೆ? 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ವೈದ್ಯರು ರೂಪಿಸಿದ ಪ್ರಜ್ಞಾಮಾಪನವೇ ಇಂದಿಗೂ ಅಡಿಪಾಯ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಈ ಮೂರಕ್ಕೆ ಅಂಕ ಕೊಟ್ಟು ಕೂಡಿದರೆ 3ರಿಂದ 15ರವರೆಗಿನ ಮೊತ್ತ ಬರುತ್ತದೆ. ಮಾತು ಬಾರದ ಕೂಸುಗಳಿಗೆ ಅಳು, ನಗು, ನೋಟವನ್ನು ಆಧರಿಸಿದ ಮಾರ್ಪಾಡಿದೆ. ಕಣ್ಣಿನ ಪಾಪೆಗಳು ಬೆಳಕಿಗೆ ಕುಗ್ಗುತ್ತವೆಯೇ, ಸ್ಕ್ಯಾನಿನಲ್ಲಿ ಏನಿದೆ, ದಾರಿಯಲ್ಲಿ ಉಸಿರು, ರಕ್ತದೊತ್ತಡ ಕುಸಿದಿತ್ತೇ, ಮಗುವಿನ ವಯಸ್ಸೆಷ್ಟು ಎಂಬುವನ್ನೆಲ್ಲ ಕೂಡಿಸಿ, ದಿನದಿನಕ್ಕೆ ಆಗುವ ಬದಲಾವಣೆಯನ್ನು ನೋಡಿ ಅವರು ಮಾತನಾಡುತ್ತಾರೆ. "ಇನ್ನೂ ಮೂರು ದಿನ ನೋಡೋಣ" ಎಂದು ವೈದ್ಯರು ಹೇಳಿದರೆ ಅದನ್ನು ನುಣುಚಿಕೊಳ್ಳುವ ಮಾತೆಂದು ತಿಳಿಯಬಾರದು. ಹೆಚ್ಚಿನ ಸಲ ಅದೇ ಅತ್ಯಂತ ಪ್ರಾಮಾಣಿಕವಾದ ಉತ್ತರ. ರಕ್ತಪರೀಕ್ಷೆಯು ಮುಂದೆ ಈ ಕೂಟಕ್ಕೆ ಇನ್ನೊಂದು ಸಾಕ್ಷಿಯಾಗಿ ಸೇರುತ್ತದೆಂದು ನಾವು ಭಾವಿಸುತ್ತೇವೆ. ತೀರ್ಪುಗಾರನಾಗಿ ಬರುವುದಿಲ್ಲ.

ನಮ್ಮ ತಾಲ್ಲೂಕು ಆಸ್ಪತ್ರೆಗಳ ವಾಡಿಕೆಯ ಪರೀಕ್ಷೆಗಳಲ್ಲಿ ಇವು ಸೇರಿಲ್ಲ. ಆದ್ದರಿಂದ ಯಾರಾದರೂ ಬಹಳ ಹಣ ಕೇಳಿ, ಈ ಪರೀಕ್ಷೆಯಿಂದ ಮಗುವಿನ ಭವಿಷ್ಯ ಖಚಿತವಾಗಿ ತಿಳಿಯುತ್ತದೆ ಎಂದರೆ, ಫಲಿತಾಂಶದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಕೇಳಿ. ಏನೂ ಬದಲಾಗುವುದಿಲ್ಲವೆಂದರೆ ಆ ಹಣವನ್ನು ಮುಂದಿನ ಫಿಸಿಯೋಥೆರಪಿಗೆ ಉಳಿಸಿಕೊಳ್ಳುವುದು ಜಾಣತನ. ದೊಡ್ಡ ಸಂಸ್ಥೆಯೊಂದರಲ್ಲಿ ನೀತಿಸಮಿತಿಯ ಒಪ್ಪಿಗೆ ಪಡೆದ ಸಂಶೋಧನೆಗಾಗಿ ಮಗುವಿನ ಸ್ವಲ್ಪ ರಕ್ತವನ್ನು ಕೇಳಿದರೆ ಅದು ಬೇರೆ ಮಾತು. ಒಪ್ಪಿಗೆಪತ್ರವನ್ನು ಕನ್ನಡದಲ್ಲಿ ಓದಿಸಿಕೊಂಡು, ತಿಳಿದು ಸಹಿ ಹಾಕಬಹುದು. ಒಲ್ಲೆವೆಂದರೂ ಚಿಕಿತ್ಸೆಗೆ ಕುಂದಾಗಕೂಡದು.

ಐವತ್ತು ಕಿಲೋಮೀಟರಿನ ದಾರಿ

ಮಗುವಿನ ಮುಂದಿನ ಸ್ಥಿತಿಯನ್ನು ಯಾವ ಪ್ರೋಟೀನಿಗಿಂತಲೂ ಹೆಚ್ಚಾಗಿ ನಿರ್ಧರಿಸುವ, ನಮ್ಮ ಕೈಯಲ್ಲಿಯೇ ಇರುವ ಸಂಗತಿಯೊಂದಿದೆ. ಅದು ಮೊದಲ ಗಂಟೆಗಳು.

ಮಿದುಳಿಗೆ ಆಗುವ ಹಾನಿ ಎರಡು ಬಾರಿ ಆಗುತ್ತದೆ. ಪೆಟ್ಟು ಬಿದ್ದ ಕ್ಷಣದಲ್ಲಿ ಆದದ್ದು ಮೊದಲನೆಯದು, ಅದನ್ನು ಯಾರೂ ಹಿಂದಕ್ಕೆ ತರಲಾರರು. ಅನಂತರ ಉಸಿರು ಸಾಲದೆ, ರಕ್ತದೊತ್ತಡ ಕುಸಿದು, ತಲೆಬುರುಡೆಯೊಳಗೆ ಊತ ಹೆಚ್ಚಿ ಆಗುವುದು ಎರಡನೆಯದು. 1993ರಲ್ಲಿ ಅಮೆರಿಕದಲ್ಲಿ ತೀವ್ರ ತಲೆಪೆಟ್ಟಾದ 717 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ರಕ್ತದೊತ್ತಡ ಒಮ್ಮೆ ಕುಸಿದಿದ್ದರೂ ಸಾವಿನ ಪ್ರಮಾಣ ಇಮ್ಮಡಿಯಾದುದು ಕಂಡುಬಂದಿತು. ಈ ಎರಡನೆಯ ಹಾನಿಯನ್ನು ತಡೆಯಬಹುದು. ನಮ್ಮ ಸೀಮೆಯಲ್ಲಿ ಅದು ತಪ್ಪಿಹೋಗುವುದು ಹೆಚ್ಚಾಗಿ ದಾರಿಯಲ್ಲಿ.

ನಾಲ್ಕೂ ಊರುಗಳಿಂದ ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಗೆ ಹೆಚ್ಚುಕಡಿಮೆ 50 ಕಿ.ಮೀ. ಅಥವಾ ಇನ್ನೂ ಸ್ವಲ್ಪ ಹೆಚ್ಚು. 1974ರಲ್ಲಿ ಈಗಿನ ರೂಪ ತಳೆದ ಆ ಸಂಸ್ಥೆಯ ಮೇಲೆ ನಮ್ಮ ಜನರಿಗೆ ಅಪಾರ ನಂಬಿಕೆ, ಅದು ಸರಿಯಾದ ನಂಬಿಕೆಯೇ. ತೊಂದರೆ ಬರುವುದು, ಪ್ರಜ್ಞೆಯಿಲ್ಲದ ಮಗುವನ್ನು ಸಿಕ್ಕಿದ ಕಾರಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಮುದುಡಿ ಮಲಗಿಸಿಕೊಂಡು, ಹತ್ತಿರದ ಆಸ್ಪತ್ರೆಯನ್ನು ದಾಟಿ ನೇರವಾಗಿ ಬೆಂಗಳೂರಿನತ್ತ ಓಡಿದಾಗ. ಕೆಂಗೇರಿಯ ಬಳಿಯೋ ಬನಶಂಕರಿಯ ಬಳಿಯೋ ವಾಹನಗಳ ಸಾಲಿನಲ್ಲಿ ಸಿಕ್ಕಿದ ಆ ಅರ್ಧ ಗಂಟೆಯಲ್ಲಿ ಮಗುವಿನ ನಾಲಗೆ ಹಿಂದೆ ಬಿದ್ದು ಉಸಿರು ಕಟ್ಟಿದರೆ ಕಾರಿನಲ್ಲಿರುವವರಿಗೆ ಅದು ತಿಳಿಯುವುದೂ ಇಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಆಗದಿರಬಹುದು. ಆದರೆ ಉಸಿರಿನ ದಾರಿ ತೆರೆಯುವುದು, ಆಮ್ಲಜನಕ ಕೊಡುವುದು, ರಕ್ತಸ್ರಾವ ನಿಲ್ಲಿಸುವುದು, ಸಲೈನ್ ಹಚ್ಚುವುದು, ಕುತ್ತಿಗೆಗೆ ಪಟ್ಟಿ ಹಾಕಿ ಆಂಬ್ಯುಲೆನ್ಸಿನಲ್ಲಿ ಕಳುಹಿಸುವುದು ಆಗುತ್ತದೆ. ಅಲ್ಲಿ ಕಳೆದ ಇಪ್ಪತ್ತು ನಿಮಿಷ ವ್ಯರ್ಥವಾದ ಕಾಲವಲ್ಲ. 108ಕ್ಕೆ ಕರೆ ಮಾಡಿದರೆ ಬರುವ ವಾಹನದಲ್ಲಿ ಆಮ್ಲಜನಕವೂ ತರಬೇತಿ ಪಡೆದ ಸಿಬ್ಬಂದಿಯೂ ಇರುತ್ತಾರೆ.

ಹಣದ ಚಿಂತೆಯಿಂದಲೂ ಕಾಲ ಹಾಳಾಗುತ್ತದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ನೆರವು ನೀಡುವ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯನ್ನು ರಾಜ್ಯ ಸರ್ಕಾರ 2016ರಲ್ಲಿ ಆರಂಭಿಸಿತು. ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ, ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಗಳ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಜಾರಿಗೆ ತಂದಿತು. ದಾಖಲಿಸುವಾಗಲೇ ಈ ಹೆಸರುಗಳನ್ನು ಹೇಳಿ ವಿಚಾರಿಸಬೇಕು. ರಸ್ತೆಯಲ್ಲಿ ಬಿದ್ದ ಪರರ ಮಗುವನ್ನು ಎತ್ತಿ ಆಸ್ಪತ್ರೆಗೆ ತಂದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ರಕ್ಷಣೆಯಿದೆ, ಪೊಲೀಸರ ಭಯದಿಂದ ಹಿಂದೆ ಸರಿಯಬೇಕಾಗಿಲ್ಲ.

ಇನ್ನು ಮನೆಯಲ್ಲಿ ಬಿದ್ದ ಮಗು. ಮಾವಿನ ಮರ, ಅಡ್ಡಗೋಡೆಯಿಲ್ಲದ ತಾರಸಿ, ಟ್ರ್ಯಾಕ್ಟರಿನ ಮಡ್‌ಗಾರ್ಡ್ ಇವು ನಮ್ಮ ಊರುಗಳಲ್ಲಿ ಮಕ್ಕಳು ಬೀಳುವ ಜಾಗಗಳು. ಎರಡು ವರ್ಷದೊಳಗಿನ ಮಗು 3 ಅಡಿಗಿಂತ, ಅದಕ್ಕಿಂತ ದೊಡ್ಡ ಮಗು 5 ಅಡಿಗಿಂತ ಎತ್ತರದಿಂದ ಬಿದ್ದಿದ್ದರೆ, ಕ್ಷಣಕಾಲವಾದರೂ ಪ್ರಜ್ಞೆ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಕಿವಿ ಮೂಗುಗಳಿಂದ ರಕ್ತವೋ ತಿಳಿನೀರೋ ಇಳಿದರೆ, ಎಬ್ಬಿಸಿದರೆ ಸರಿಯಾಗಿ ಏಳದಿದ್ದರೆ, ಕೂಸಿನ ನೆತ್ತಿ ಉಬ್ಬಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮೊದಲು ಚೆನ್ನಾಗಿ ಆಡಿಕೊಂಡಿದ್ದು ಕೆಲವು ಗಂಟೆಗಳ ನಂತರ ಮಂಕಾಗುವ ಮಗುವಿನ ವಿಷಯದಲ್ಲಿಯಂತೂ ಹೆಚ್ಚಿನ ಎಚ್ಚರ ಬೇಕು. ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ಕೂಡುತ್ತಿರುವ ಲಕ್ಷಣ ಅದು. ಗಾಯಕ್ಕೆ ಕಾಫಿಪುಡಿ ಮೆತ್ತುವುದು, ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡುವುದು, ಬಾಯಿ ಬಿಡಿಸಿ ನೀರು ಹುಯ್ಯುವುದು ಬೇಡ. ನೀರು ಶ್ವಾಸಕೋಶಕ್ಕಿಳಿದರೆ ಎರಡನೆಯ ಹಾನಿಯನ್ನು ನಾವೇ ಮಾಡಿದಂತೆ. ಚೊಕ್ಕಟ ಬಟ್ಟೆಯಿಂದ ಗಾಯವನ್ನು ಒತ್ತಿಹಿಡಿದು, ಕುತ್ತಿಗೆ ತಿರುಚದಂತೆ ಮೈಯನ್ನು ಒಟ್ಟಾಗಿ ಪಕ್ಕಕ್ಕೆ ಹೊರಳಿಸಿ ಮಲಗಿಸಿದರೆ ಸಾಕು.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಹಳೆಯ ಹೆದ್ದಾರಿಯಲ್ಲಿ, ಸರ್ವೀಸ್ ರಸ್ತೆಯಲ್ಲಿ, ಕನಕಪುರ ಮಾಗಡಿಗಳ ದಾರಿಗಳಲ್ಲಿ ಇಡೀ ಸಂಸಾರ ಒಂದೇ ಬೈಕಿನಲ್ಲಿ ಸಾಗುವುದು ಮಾತ್ರ ನಿಂತಿಲ್ಲ. ಮದುವೆಗೆ ಹೊರಟಾಗ ಅಪ್ಪನಿಗೆ ಹೆಲ್ಮೆಟ್, ಮಗುವಿಗೆ ಅಮ್ಮನ ಸೆರಗೇ ಹೆಲ್ಮೆಟ್! ನಾಲ್ಕು ವರ್ಷ ಮೀರಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. 9 ತಿಂಗಳಿಂದ 4 ವರ್ಷದವರೆಗಿನ ಮಕ್ಕಳಿಗೆ ಅವರ ಅಳತೆಯ ಹೆಲ್ಮೆಟ್ ಹಾಕಬೇಕು, 4 ವರ್ಷದೊಳಗಿನ ಮಗುವನ್ನು ಸವಾರನಿಗೆ ಪಟ್ಟಿಯಿಂದ ಕಟ್ಟಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ನಿಯಮ 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ. ಜಾತ್ರೆಗೆ, ಮಠಕ್ಕೆ ಬರುವಾಗಲೂ ಈ ನಿಯಮಕ್ಕೆ ವಿನಾಯಿತಿಯಿಲ್ಲ.

ಮನೆಗೆ ಬಂದ ಮೇಲೆ

"ಚಿಕ್ಕ ಮಗುವಲ್ಲವೇ, ಮಿದುಳು ಇನ್ನೂ ಬೆಳೆಯುತ್ತದೆ, ತಾನಾಗಿಯೇ ಸರಿಹೋಗುತ್ತದೆ" ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಅದು ಅರ್ಧ ಮಾತ್ರ ನಿಜ. ಬೆಳೆಯುವ ಮಿದುಳಿಗೆ ಹೊಂದಿಕೊಳ್ಳುವ ಶಕ್ತಿಯಿರುವಂತೆಯೇ, ಇನ್ನೂ ಕಲಿಯದ ವಿದ್ಯೆಗಳನ್ನು ಕಲಿಯಬೇಕಾದ ಹೊರೆಯೂ ಇದೆ. ಮೂರನೆಯ ವಯಸ್ಸಿನಲ್ಲಿ ತೀವ್ರ ಪೆಟ್ಟಾದ ಮಗು ನಾಲ್ಕರಲ್ಲಿ ಓಡಾಡಿ, ಮಾತನಾಡಿ ಎಲ್ಲರಿಗೂ ಗುಣವಾದಂತೆ ಕಾಣಬಹುದು. ಲೆಕ್ಕ, ಯೋಜನೆ, ಸಿಟ್ಟಿನ ಹತೋಟಿ ಬೇಕಾಗುವ ಹತ್ತರ ವಯಸ್ಸಿನಲ್ಲಿ ಕೊರತೆ ಹೊರಬೀಳಬಹುದು. ಮೊದಲ ದಿನದ ರಕ್ತದಿಂದ ಏಳು ವರ್ಷಗಳ ಮುಂದಿನದನ್ನು ಹೇಳುವುದು ಕಷ್ಟವೆನ್ನುವುದಕ್ಕೆ ಇದೇ ದೊಡ್ಡ ಕಾರಣ. ಮಗು ಬೆಳೆಯುವ ಮನೆ, ದೊರೆಯುವ ತರಬೇತಿ, ಶಿಕ್ಷಕರ ತಾಳ್ಮೆ ಇವೆಲ್ಲ ನಡುವೆ ಕೆಲಸ ಮಾಡುತ್ತವೆ.

ಚೆನ್ನಾಗಿ ಓದುತ್ತಿದ್ದ ಹುಡುಗ ಪೆಟ್ಟಿನ ನಂತರ ಪಾಠ ಮರೆಯುತ್ತಿದ್ದರೆ, ಬೇಗ ದಣಿಯುತ್ತಿದ್ದರೆ, ಮುಂಗೋಪಿಯಾಗಿದ್ದರೆ ಅವನನ್ನು ಸೋಮಾರಿಯೆಂದು ಹೊಡೆಯುವ ಮುನ್ನ ಹಳೆಯ ಪೆಟ್ಟನ್ನು ನೆನೆಯಬೇಕು. ಮುಖ್ಯೋಪಾಧ್ಯಾಯರಿಗೆ ಆ ವಿಷಯವನ್ನು ಮೊದಲೇ ತಿಳಿಸಿರಬೇಕು. ಕೆಲವು ವಾರ ಅರ್ಧ ದಿನದ ಶಾಲೆ, ಮುಂದಿನ ಸಾಲಿನಲ್ಲಿ ಜಾಗ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಇವು ದುಬಾರಿ ಚಿಕಿತ್ಸೆಗಳಲ್ಲ. ತಲೆನೋವು ಪೂರ್ತಿ ಹೋಗುವವರೆಗೆ ಕಬಡ್ಡಿ, ಕ್ರಿಕೆಟ್ಟು ಬೇಡ. ಚೇತರಿಸಿಕೊಳ್ಳುತ್ತಿರುವ ಮಿದುಳಿಗೆ ಎರಡನೆಯ ಪೆಟ್ಟು ಬಹಳ ಕೆಟ್ಟದ್ದು. ಕೈಕಾಲಿನ ಬಲಕ್ಕೆ ಫಿಸಿಯೋಥೆರಪಿ, ಮಾತಿಗೆ ವಾಕ್‌ಚಿಕಿತ್ಸೆ, ಅಗತ್ಯವಾದರೆ ನಿಮ್ಹಾನ್ಸ್‌ನ ನರರೋಗ ಪುನರ್ವಸತಿ ವಿಭಾಗ ಇವುಗಳನ್ನು ಬಿಡುಗಡೆಯ ದಿನವೇ ವಿಚಾರಿಸಿಕೊಳ್ಳಬೇಕು.

ಬಿಡುಗಡೆಯ ಪತ್ರ, ಸ್ಕ್ಯಾನಿನ ಪ್ರತಿ, ಮೊದಲ ದಿನದ ಪ್ರಜ್ಞಾಮಾಪನದ ಅಂಕ ಇವನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಇಡಬೇಕು. ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ವೈದ್ಯರನ್ನು ಕಾಣುವಾಗ ಅವುಗಳ ಜೊತೆಗೆ ಮಗುವಿನ ಶಾಲೆಯ ಅಂಕಪಟ್ಟಿಯನ್ನೂ ತರಗತಿಯ ಶಿಕ್ಷಕರಿಂದ ಬರೆಯಿಸಿಕೊಂಡ ನಾಲ್ಕು ಸಾಲುಗಳನ್ನೂ ಒಯ್ಯಿರಿ.